ಹಾರ್ಲಿ-ಡೇವಿಡ್‌ಸನ್ ಮೋಟಾರ್ ಸೈಕಲ್ಲುಗಳ ಗುಣಕ್ಷಯ, 1969–1981: ಕಾರಣಗಳ ಒಂದು ವಿಮರ್ಶೆ

ಕೈಗಾರಿಕೆಗಳ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಆರಂಭಗಳ ಕಡೆಗೇ ಗಮನ ಕೊಡುವರು. ಮೊದಲನೆಯ ಯಂತ್ರ ಎಂದು ತಯಾರಾಯಿತು, ಸ್ಥಾಪಕರು ಯಾರು, ಬಂಡವಾಳ ಎಲ್ಲಿಂದ ಬಂದಿತು ಎಂಬ ವಿಷಯಗಳು ಗ್ರಂಥಗಳಲ್ಲಿ ವಿಸ್ತಾರವಾಗಿ ದೊರೆಯುತ್ತವೆ. ಚೆನ್ನಾಗಿ ತಯಾರಾಗುತ್ತಿದ್ದ ಒಂದು ವಸ್ತು, ಬಹುಮಟ್ಟಿಗೆ ಅದೇ ಜನರ ಕೈಯಲ್ಲಿ, ಕೆಲವೇ ವರ್ಷಗಳಲ್ಲಿ ಏಕೆ ಕೆಟ್ಟಿತು ಎಂಬ ಪ್ರಶ್ನೆಗೆ ಮಾತ್ರ ಉತ್ತರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದುಂಟು. ಅಮೆರಿಕದ ಹಾರ್ಲಿ-ಡೇವಿಡ್‌ಸನ್ ಕಂಪನಿ 1969ರಿಂದ 1981ರವರೆಗೆ ಅನುಭವಿಸಿದ ದುರವಸ್ಥೆ ಇದಕ್ಕೊಂದು ನಿದರ್ಶನ. ಪ್ರಸ್ತುತ ಲೇಖನದಲ್ಲಿ ನಾವು ಆ ಹನ್ನೆರಡು ವರ್ಷಗಳನ್ನು ಪರಿಶೀಲಿಸಿ, ಪ್ರಚಾರದಲ್ಲಿರುವ ವಿವರಣೆಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆಂಬುದನ್ನು ನೋಡಲು ಯತ್ನಿಸುತ್ತೇವೆ.

ಈ ವಿವರಣೆಗಳು ಮೂರು ಬಗೆಯವು. ಹಳೆಯ ಸವಾರರು ಹೇಳುವಂತೆ, ಮೋಟಾರ್ ಸೈಕಲ್ಲಿನ ಗಂಧವೇ ಇಲ್ಲದ ಹೊರಗಿನ ಬಂಡವಾಳಗಾರರು ಕಂಪನಿಯನ್ನು ಕೊಂಡು ಹಾಳುಮಾಡಿದರು. ವ್ಯಾಪಾರ ಪತ್ರಿಕೆಗಳ ಒಂದು ವರ್ಗ ತಪ್ಪನ್ನು ಕೆಲಸಗಾರರ ಮೇಲೂ ಅವರ ಸಂಘಗಳ ಮೇಲೂ ಹೊರಿಸಿತು: ಕೂಲಿ ಹೆಚ್ಚಿತು, ಶ್ರದ್ಧೆ ಕುಗ್ಗಿತು ಎಂಬುದು ಅದರ ವಾದ. ಜಪಾನಿನ ಅಗ್ಗದ ಸ್ಪರ್ಧೆಯೇ ಕಾರಣವೆಂಬುದು ಮೂರನೆಯದು. ಮೂರರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಎಣ್ಣೆ ಸೋರುವ ಒಂದು ಎಂಜಿನ್ನನ್ನು ಮುಂದಿಟ್ಟುಕೊಂಡು, ಇದು ಏಕೆ ಸೋರುತ್ತಿದೆ ಎಂದು ಕೇಳಿದರೆ ಈ ಮೂರರಲ್ಲಿ ಯಾವುದೂ ನೇರವಾದ ಉತ್ತರ ಕೊಡಲಾರದು. ಈ ಪ್ರಶ್ನೆ ಬರಿಯ ಪಾಂಡಿತ್ಯದ ವಿಷಯವಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಅಪರಾಧಿ ಯಾರೆಂದು ತೀರ್ಮಾನವಾಗುವುದೋ ಅವರ ಮೇಲೆಯೇ ಪರಿಹಾರದ ಭಾರವೂ ಬೀಳುವುದು. 1982ರಲ್ಲಿ ಆ ಭಾರ ಯಾರ ಮೇಲೆ ಬಿದ್ದಿತೆಂಬುದು ಮುಂದೆ ತಿಳಿದುಬರುವುದು.

ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿ ನಗರದಲ್ಲಿ ವಿಲಿಯಂ ಹಾರ್ಲಿ ಮತ್ತು ಆರ್ಥರ್ ಡೇವಿಡ್‌ಸನ್ ಎಂಬ ಗೆಳೆಯರು 1903ರಲ್ಲಿ ಆರಂಭಿಸಿದ ಈ ಉದ್ಯಮ ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಕ್ಷದ ಸೈನ್ಯಗಳಿಗೆ ಸುಮಾರು 90,000 ಮೋಟಾರ್ ಸೈಕಲ್ಲುಗಳನ್ನು ಒದಗಿಸಿತು. ಅದರ ದೊಡ್ಡ ಪ್ರತಿಸ್ಪರ್ಧಿಯಾಗಿದ್ದ ಇಂಡಿಯನ್ ಕಂಪನಿ 1953ರಲ್ಲಿ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಆ ದೇಶದಲ್ಲಿ ಹಾರ್ಲಿಗೆ ಸಮಾನರಾದ ತಯಾರಕರು ಉಳಿಯಲಿಲ್ಲ. ಇದು ಭಾಗ್ಯವೆಂದು ಆಗ ತೋರಿರಬೇಕು. ಪೈಪೋಟಿಯಿಲ್ಲದ ಮಾರುಕಟ್ಟೆಯಲ್ಲಿ ಹಳೆಯ ಯಂತ್ರಗಳನ್ನೇ ಉಪಯೋಗಿಸುತ್ತ ಹೋಗಲು ಯಾವ ಅಡ್ಡಿಯೂ ಇರಲಿಲ್ಲ. ಕುಟುಂಬದವರ ಕೈಯಲ್ಲಿದ್ದ ಕಂಪನಿ 1965ರಲ್ಲಿ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದುದು ಬಂಡವಾಳದ ಕೊರತೆಯಿಂದಲೇ. ಎ.ಎಂ.ಎಫ್. ಬರುವುದಕ್ಕೆ ಮೊದಲೇ ಮಿಲ್ವಾಕಿಯ ಯಂತ್ರಸಾಮಗ್ರಿ ಮುದಿಯಾಗುತ್ತಿತ್ತೆಂಬುದನ್ನು ಮರೆಯಬಾರದು. ಹಳೆಯ ಸವಾರರ ಕಥನದಲ್ಲಿ ಈ ಅಂಶ ಕಾಣಸಿಗುವುದು ಅಪರೂಪ.

ಎ.ಎಂ.ಎಫ್. ಎಂದರೆ ಅಮೆರಿಕನ್ ಮೆಷಿನ್ ಅಂಡ್ ಫೌಂಡ್ರಿ ಕಂಪನಿ. ಸಿಗರೇಟು ಸುತ್ತುವ ಯಂತ್ರಗಳಿಂದ ಆರಂಭಿಸಿ, ಬೌಲಿಂಗ್ ಆಟದ ಸ್ವಯಂಚಾಲಿತ ಉಪಕರಣಗಳಿಂದ ಹೆಸರು ಪಡೆದು, 1960ರ ದಶಕದ ವೇಳೆಗೆ ಅದು ಕ್ರೀಡಾಸಾಮಗ್ರಿಯೇ ಮೊದಲಾದ ನಾನಾ ಉದ್ಯಮಗಳ ಕೂಟವಾಗಿ ಬೆಳೆದಿತ್ತು. 1968ರಲ್ಲಿ ಬ್ಯಾಂಗರ್ ಪುಂಟಾ ಎಂಬ ಇಂಥದೇ ಮತ್ತೊಂದು ಕೂಟ ಹಾರ್ಲಿಯ ಷೇರುಗಳನ್ನು ಬಲವಂತವಾಗಿ ಸಂಗ್ರಹಿಸಲು ಹೊರಟಿತು. ಅದರಿಂದ ಪಾರಾಗಲು ನಿರ್ದೇಶಕರು ಎ.ಎಂ.ಎಫ್. ಅನ್ನು ಆಶ್ರಯಿಸಿದರು, 1969ರ ಆರಂಭದಲ್ಲಿ ವಿಲೀನ ಪೂರ್ಣಗೊಂಡಿತು. ಎ.ಎಂ.ಎಫ್.ನ ಅಧ್ಯಕ್ಷ ರಾಡ್ನಿ ಗಾಟ್ ಸ್ವತಃ ಹಾರ್ಲಿಯ ಅಭಿಮಾನಿಯಾಗಿದ್ದ ಸವಾರ. ಹೊಸ ಒಡೆಯರು ಹಣ ಹಾಕದೆ ಹಿಂಡಿದರೆಂಬ ಆರೋಪಕ್ಕೂ ಆಧಾರ ಸಾಲದು. ಅವರು ಹಣವನ್ನು ಹಾಕಿದರು. ಅದು ಯಾವುದಕ್ಕೆ ಹೋಯಿತೆಂಬುದರಲ್ಲಿ ಇಡೀ ಪ್ರಶ್ನೆ ಅಡಗಿದೆ.

ಅದು ಹೋದುದು ಸಂಖ್ಯೆಗೆ. ಆ ವರ್ಷಗಳಲ್ಲಿ ಅಮೆರಿಕದಲ್ಲಿ ಮೋಟಾರ್ ಸೈಕಲ್ಲುಗಳ ಬೇಡಿಕೆ ಹಿಂದೆಂದೂ ಕಾಣದಂತೆ ಏರುತ್ತಿತ್ತು. ಹಾರ್ಲಿಯ ವಾರ್ಷಿಕ ಉತ್ಪಾದನೆ 1969ರಲ್ಲಿದ್ದುದರ ಎರಡರಷ್ಟನ್ನು ದಾಟಿ, 1970ರ ದಶಕದ ಮಧ್ಯಭಾಗದಲ್ಲಿ 70,000ವನ್ನು ಮೀರಿತು. ಇದರಲ್ಲಿ ಇಟಲಿಯಿಂದ ಬರುತ್ತಿದ್ದ ಸಣ್ಣ ಬಂಡಿಗಳೂ ಸೇರಿದ್ದುವು ನಿಜ. ಆದರೆ ದೊಡ್ಡ ಬಂಡಿಗಳ ಎಂಜಿನ್ನು ಮಾತ್ರ ಹಳೆಯ ನಕ್ಷೆಯದೇ. ಬೀಡುಕಬ್ಬಿಣದ ಸಿಲಿಂಡರುಗಳ ಮೇಲೆ ಅಲ್ಯುಮಿನಿಯಮ್ ತಲೆಗಳನ್ನು ಕೂರಿಸಿದ, ವಿ ಆಕಾರದ ಆ ಎಂಜಿನ್ನು 1966ರಲ್ಲಿ ಬಂದಿತ್ತು. ಅದರ ಕೆಳಭಾಗ ಇನ್ನೂ ಹಿಂದಿನದು. ಬೇರೆಬೇರೆ ಲೋಹಗಳು ಬಿಸಿಯೇರಿದಂತೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುವು. ಅವು ಸೇರುವ ಸಂದಿನಲ್ಲಿ ಗ್ಯಾಸ್ಕೆಟ್ಟಿನ ಮೇಲೆ ಒತ್ತಡ ಏರುಪೇರಾಗುವುದು. ಇಂಥ ಎಂಜಿನ್ನು ಎಣ್ಣೆ ಸೋರದೆ ನಡೆಯಬೇಕಾದರೆ ಭಾಗಗಳ ಮೈಯನ್ನು ಬಹು ನಿಖರವಾಗಿ ಕೆತ್ತಿರಬೇಕು. ವರ್ಷಕ್ಕೆ ಕೆಲವೇ ಸಾವಿರ ತಯಾರಾಗುತ್ತಿದ್ದಾಗ ಅನುಭವಸ್ಥ ಫಿಟ್ಟರು ಅರದಿಂದಲೂ ಕಣ್ಣಂದಾಜಿನಿಂದಲೂ ಯಂತ್ರದ ಕೊರತೆಯನ್ನು ತುಂಬಬಲ್ಲವನಾಗಿದ್ದ. ಸಂಖ್ಯೆ ಬೆಳೆದಂತೆಲ್ಲ ಅವನಿಗೆ ಆ ಸಮಯ ಸಿಗದಾಯಿತು, ಯಂತ್ರವಂತೂ ಹಳೆಯದೇ ಉಳಿಯಿತು.

1973ರಲ್ಲಿ ಇನ್ನೊಂದು ಬದಲಾವಣೆ ನಡೆಯಿತು. ಪೆನ್ಸಿಲ್ವೇನಿಯ ಸಂಸ್ಥಾನದ ಯಾರ್ಕ್ ಎಂಬ ಊರಿನಲ್ಲಿ ಎ.ಎಂ.ಎಫ್.ಗೆ ಸೇರಿದ ಒಂದು ವಿಶಾಲವಾದ ಕಾರ್ಖಾನೆ ಇತ್ತು. ಅಂತಿಮ ಜೋಡಣೆಯ ಕೆಲಸವನ್ನು ಅಲ್ಲಿಗೆ ಸಾಗಿಸಲಾಯಿತು. ಎಂಜಿನ್ನುಗಳು ಮಿಲ್ವಾಕಿಯಲ್ಲಿಯೇ ತಯಾರಾಗಿ, ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯನ್ನು ಲಾರಿಗಳಲ್ಲಿ ಕ್ರಮಿಸಿ ಯಾರ್ಕ್ ತಲುಪತೊಡಗಿದುವು. ಲೆಕ್ಕದ ಪುಸ್ತಕದಲ್ಲಿ ಇದು ಉಳಿತಾಯ: ಇದ್ದ ಕಟ್ಟಡವನ್ನೇ ಬಳಸಿದಂತಾಯಿತು, ಹೊಸದನ್ನು ಕಟ್ಟುವ ಖರ್ಚು ತಪ್ಪಿತು. ಕಾರ್ಖಾನೆಯ ನಿತ್ಯವ್ಯವಹಾರದಲ್ಲಿ ಇದರ ಫಲ ಬೇರೆಯಾಗಿತ್ತು. ಎಂಜಿನ್ನನ್ನು ಮಾಡಿದವನಿಗೂ ಅದನ್ನು ಚೌಕಟ್ಟಿಗೆ ಬಿಗಿಯುವವನಿಗೂ ಇದ್ದ ಸಂಪರ್ಕವೇ ಕಡಿದುಹೋಯಿತು. ಮೊದಲು, ರಂಧ್ರವೊಂದು ಸರಿಯಾದ ಸ್ಥಳದಲ್ಲಿಲ್ಲದಿದ್ದರೆ ಜೋಡಿಸುವವನು ನಾಲ್ಕು ಹೆಜ್ಜೆ ನಡೆದು ಹೋಗಿ ಕೊರೆದವನನ್ನು ಕೇಳಬಹುದಾಗಿತ್ತು. ಈಗ ಅವನು ಮಾಡಬಹುದಾದುದು ಎರಡೇ: ಸುತ್ತಿಗೆಯಿಂದ ಹೊಡೆದು ಕೂರಿಸುವುದು, ಇಲ್ಲವೆ ಆ ಭಾಗವನ್ನು ಬಿಟ್ಟು ಮುಂದಿನದಕ್ಕೆ ಕೈಹಾಕುವುದು. 1974ರಲ್ಲಿ ನಡೆದ ಮುಷ್ಕರವನ್ನು ಕೂಲಿಯ ವಿವಾದವೆಂದಷ್ಟೇ ಬರೆಯುವುದು ರೂಢಿ. ಆ ಕಾಲದ ಬೆಲೆಯೇರಿಕೆಯಲ್ಲಿ ಕೂಲಿಯ ಪ್ರಶ್ನೆ ಇದ್ದೇ ಇತ್ತು. ಆದರೆ ಕೆಲಸ ಬೇರೆ ಊರಿಗೆ ಹೋಗಿ, ಉಳಿದ ಕೆಲಸದ ವೇಗ ಹೆಚ್ಚಿದ ಸ್ಥಳದಲ್ಲಿ ಅಸಮಾಧಾನಕ್ಕೆ ಕೂಲಿಯೊಂದೇ ಕಾರಣವೆನ್ನುವುದು ನಮಗೆ ಸರಿಯಾಗಿ ತೋರುವುದಿಲ್ಲ.

ಬಿಡಿಭಾಗಗಳು ಕೆಡುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಏಕೆಂದರೆ ಇತಿಹಾಸದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಾರ್ಖಾನೆಯ ಹೊಸ್ತಿಲಿನಲ್ಲಿಯೇ ನಿಂತುಬಿಡುತ್ತಾರೆ. ಆ ದಿನಗಳ ಪದ್ಧತಿಯಲ್ಲಿ ಒಂದೊಂದು ಭಾಗವನ್ನೂ ದೊಡ್ಡ ದೊಡ್ಡ ಕಂತುಗಳಲ್ಲಿ ತಯಾರಿಸುತ್ತಿದ್ದರು. ಯಂತ್ರವನ್ನು ಒಂದು ಭಾಗದ ಕೆಲಸದಿಂದ ಮತ್ತೊಂದಕ್ಕೆ ಅಣಿಗೊಳಿಸಲು ಹಲವು ಗಂಟೆಗಳು ಹಿಡಿಯುತ್ತಿದ್ದುದರಿಂದ, ಒಮ್ಮೆ ಅಣಿಗೊಳಿಸಿದ ಮೇಲೆ ಸಾವಿರಾರು ಭಾಗಗಳನ್ನು ಕೆತ್ತಿ ಉಗ್ರಾಣಕ್ಕೆ ಹಾಕುವುದು ಲಾಭಕರವೆಂದು ಲೆಕ್ಕಿಗರ ಮತ. ಒಂದೊಂದರ ಮೇಲೆ ಬೀಳುವ ವೆಚ್ಚ ಕಡಮೆಯಾದುದು ಕಾಗದದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಈಗ ಕೊರೆಯುವ ಅಲಗು ಸವೆದು ರಂಧ್ರ ಕೂದಲೆಳೆಯಷ್ಟು ದೊಡ್ಡದಾಯಿತೆಂದು ಭಾವಿಸೋಣ. ಆ ಭಾಗಗಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಉಗ್ರಾಣದಲ್ಲಿ ಕುಳಿತಿರುವುವು. ಜೋಡಣೆಯ ಸಾಲಿಗೆ ಬಂದು ಅವು ಹೊಂದುವುದಿಲ್ಲವೆಂದು ತಿಳಿಯುವ ಹೊತ್ತಿಗೆ ಆ ಕಂತು ಪೂರ್ತಿ ಅದೇ ದೋಷದಿಂದ ತುಂಬಿರುವುದು. ಅದನ್ನು ಯಾವ ದಿನ, ಯಾವ ಯಂತ್ರದಲ್ಲಿ, ಯಾರು ಕೆತ್ತಿದರೆಂಬುದು ಮರೆತುಹೋಗಿರುವುದು. ಎಲ್ಲವನ್ನೂ ಎಸೆದರೆ ನಷ್ಟ ಲೆಕ್ಕದಲ್ಲಿ ಕಾಣಿಸುವುದು. ಹೇಗೋ ಜೋಡಿಸಿ ಕಳುಹಿಸಿದರೆ ಕಾಣಿಸುವುದಿಲ್ಲ. ತಿಂಗಳ ಕೊನೆಗೆ ಇಷ್ಟು ಬಂಡಿಗಳು ಹೊರಡಲೇಬೇಕೆಂಬ ಆಜ್ಞೆಯಿದ್ದಾಗ ಮೇಲ್ವಿಚಾರಕ ಎರಡನೆಯ ದಾರಿಯನ್ನು ಹಿಡಿದರೆ ಆಶ್ಚರ್ಯವೇನು? ದೊಡ್ಡ ಉಗ್ರಾಣದಲ್ಲಿ ಬೇಕಾದ ಭಾಗ ಸಮಯಕ್ಕೆ ಸಿಗದೆ ಹೋಗುವುದು ಮತ್ತೊಂದು ತೊಡಕು. ಅರ್ಧಕ್ಕೂ ಹೆಚ್ಚು ಬಂಡಿಗಳು ಯಾವುದಾದರೊಂದು ಭಾಗವಿಲ್ಲದೆಯೇ ಸಾಲಿನ ತುದಿಯನ್ನು ಮುಟ್ಟುತ್ತಿದ್ದ ಕಾಲವೂ ಇತ್ತು.

ಹೀಗೆ ಉಳಿಸಿದ ಹಣ ಎಲ್ಲಿಯೂ ಮಾಯವಾಗಲಿಲ್ಲ. ಖರ್ಚಿನ ಸ್ಥಳ ಮಾತ್ರ ಬದಲಾಯಿತು. ಊರೂರಿನ ಮಾರಾಟಗಾರರು ಹೊಸ ಬಂಡಿಯನ್ನು ಪೆಟ್ಟಿಗೆಯಿಂದ ತೆಗೆದು, ಬೋಲ್ಟುಗಳನ್ನು ಮತ್ತೆ ಬಿಗಿದು, ತಪ್ಪಿಹೋದ ಭಾಗಗಳನ್ನು ಹಾಕಿ, ಅನಂತರ ಗಿರಾಕಿಗೆ ಒಪ್ಪಿಸಬೇಕಾಗುತ್ತಿತ್ತು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಹೊಸ ಬಂಡಿಯ ಕೆಳಗೆ ಎಣ್ಣೆ ಹೀರಲು ರಟ್ಟಿನ ಹಾಳೆಯನ್ನು ಹಾಸುತ್ತಿದ್ದರೆಂಬ ಮಾತು ಆ ಕಾಲದವರಲ್ಲಿ ಇಂದಿಗೂ ಪ್ರಚಲಿತವಾಗಿದೆ. ಉಳಿದುದನ್ನು ಸವಾರ ತುಂಬುತ್ತಿದ್ದ. ಎ.ಎಂ.ಎಫ್.ನ ಮೂರು ಅಕ್ಷರಗಳು ಟ್ಯಾಂಕಿನ ಮೇಲೆ ಹಾರ್ಲಿಯ ಹೆಸರಿನ ಪಕ್ಕದಲ್ಲಿ ಬಂದಿದ್ದುದರಿಂದ ಸವಾರರ ಸಿಟ್ಟಿಗೆ ಒಂದು ಸಿದ್ಧವಾದ ಗುರಿಯೂ ದೊರೆಯಿತು. ಇದೇ ಅವಧಿಯಲ್ಲಿ, ಅಂದರೆ 1969ರಲ್ಲಿ, ಹೋಂಡಾ ಕಂಪನಿ ನಾಲ್ಕು ಸಿಲಿಂಡರಿನ 750 ಸಿ.ಸಿ. ಬಂಡಿಯನ್ನು ಅಮೆರಿಕದ ಮಾರುಕಟ್ಟೆಗೆ ತಂದಿತ್ತು. ಅದಕ್ಕೆ ವಿದ್ಯುತ್ ಸ್ಟಾರ್ಟರು ಇತ್ತು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇತ್ತು, ಮತ್ತು ಎಣ್ಣೆ ಎಂಜಿನ್ನಿನ ಒಳಗೇ ಉಳಿಯುತ್ತಿತ್ತು.

ಸ್ಪರ್ಧೆಯ ಮಾತು ಬಂದುದರಿಂದ, ಅದೇ ಸ್ಪರ್ಧೆಯನ್ನು ಅದೇ ಕಾಲದಲ್ಲಿ ಎದುರಿಸಿದ ಇಂಗ್ಲೆಂಡಿನ ಕಡೆಗೆ ಒಮ್ಮೆ ನೋಡಬಹುದು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿ 1951ರಲ್ಲಿ ಟ್ರಯಂಫ್ ಅನ್ನು ಕೊಂಡು ಪ್ರಪಂಚದ ಅತಿ ದೊಡ್ಡ ತಯಾರಕರಲ್ಲಿ ಒಂದಾಗಿತ್ತು. ಅಲ್ಲಿ ಸಂಖ್ಯೆಯ ಧಾವಂತಕ್ಕಿಂತ ಹೆಚ್ಚಿನ ಹಾನಿಮಾಡಿದುದು ಕಾರ್ಖಾನೆಗೂ ನಕ್ಷೆಯ ಕಚೇರಿಗೂ ಬಿದ್ದ ಅಂತರ. ಅಂಬರ್‌ಸ್ಲೇಡ್ ಹಾಲ್ ಎಂಬ ಹಳ್ಳಿಯ ಬಂಗಲೆಯಲ್ಲಿ ಕುಳಿತು ಎಂಜಿನಿಯರುಗಳು ಸಿದ್ಧಪಡಿಸಿದ ಹೊಸ ಚೌಕಟ್ಟಿನ ನಕ್ಷೆಗಳು 1971ರ ಬಂಡಿಗಳಿಗಾಗಿ ಮೆರಿಡೆನ್ ಕಾರ್ಖಾನೆಗೆ ತಡವಾಗಿ ತಲುಪಿದುವು. ಟ್ರಯಂಫ್ ಎಂಜಿನ್ನನ್ನು ಅದರೊಳಗೆ ಇಳಿಸಹೋದಾಗ ಅದು ಹಿಡಿಸಲಿಲ್ಲ. ಎಂಜಿನ್ನಿನ ಮೇಲ್ಭಾಗವನ್ನು ಬಿಚ್ಚಿ ಇಳಿಸಬೇಕಾಯಿತು. ಆಸನವೋ, ಸಾಧಾರಣ ಎತ್ತರದವನ ಕಾಲು ನೆಲಕ್ಕೆ ನಿಲುಕದಷ್ಟು ಮೇಲಿತ್ತು. ನಾರ್ಟನ್ ಕಂಪನಿಯ ಅನುಭವ ಇನ್ನೂ ಪಾಠಪ್ರದವಾದುದು. 1972ರ ಅದರ ಕಾಂಬ್ಯಾಟ್ ಎಂಜಿನ್ನಿಗೆ ಹೆಚ್ಚಿನ ಶಕ್ತಿ ಬರಲೆಂದು ಒತ್ತಡದ ಪ್ರಮಾಣವನ್ನು 10ಕ್ಕೆ 1ರಂತೆ ಏರಿಸಿದರು. ಮುಖ್ಯ ಬೇರಿಂಗುಗಳನ್ನು ಮಾತ್ರ ಅದಕ್ಕೆ ತಕ್ಕಂತೆ ಬದಲಾಯಿಸಲಿಲ್ಲ. ಕ್ರ್ಯಾಂಕು ಬಾಗಿದಾಗ ಬೇರಿಂಗಿನ ಉರುಳುಗಳ ಅಂಚು ಲೋಹವನ್ನು ಕಚ್ಚಿ, ಎಂಜಿನ್ನುಗಳು ಅಲ್ಪಕಾಲದಲ್ಲಿಯೇ ಮುರಿದುಬಿದ್ದುವು. ನಡುವೆ ತುಸು ಉಬ್ಬಿದ ಉರುಳುಗಳಿರುವ ಬೇರಿಂಗನ್ನು ಹಾಕಿದ ಮೇಲೆ ದೋಷ ನಿವಾರಣೆಯಾಯಿತು. ಬೇರಿಂಗಿನ ಬೆಲೆಗೂ ಅದರಿಂದ ಹೋದ ಹೆಸರಿಗೂ ಇರುವ ಅಂತರವನ್ನು ವಾಚಕರೇ ಊಹಿಸಬಹುದು. 1973ರಲ್ಲಿ ಬಿ.ಎಸ್.ಎ. ಕುಸಿದು, ಉಳಿದುದು ನಾರ್ಟನ್‌ನೊಡನೆ ಸೇರಿತು. ಮೆರಿಡೆನ್ ಮುಚ್ಚುವುದೆಂದು ಅದೇ ಸೆಪ್ಟೆಂಬರಿನಲ್ಲಿ ಪ್ರಕಟವಾದಾಗ ಕೆಲಸಗಾರರು ಕಾರ್ಖಾನೆಯನ್ನು ವಶಪಡಿಸಿಕೊಂಡು, 1975ರಲ್ಲಿ ಸಹಕಾರ ಸಂಘವೊಂದನ್ನು ಸ್ಥಾಪಿಸಿ, 1983ರವರೆಗೆ ಅದೇ ಬಂಡಿಯನ್ನು ತಯಾರಿಸಿದರು. ಶ್ರದ್ಧೆ ಕುಗ್ಗಿದ ಜನರೆಂದು ಇವರನ್ನು ಕರೆಯುವುದು ಕಷ್ಟ. (ಆ ಕಾರ್ಖಾನೆಗಳ ಹೆಸರುಗಳು ಈಗ ನಮ್ಮ ದೇಶಕ್ಕೆ ಬಂದಿವೆ ಎಂಬುದು ಒಂದು ವಿನೋದ. ಬಿ.ಎಸ್.ಎ.ಯ ಹೆಸರನ್ನು 2016ರಲ್ಲಿ ಮಹೀಂದ್ರ ಸಮೂಹದ ಸಂಸ್ಥೆಯೂ, ನಾರ್ಟನ್ ಅನ್ನು 2020ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆಯುಳ್ಳ ಟಿ.ವಿ.ಎಸ್. ಕಂಪನಿಯೂ ಕೊಂಡುವು.)

ಮತ್ತೆ ಮಿಲ್ವಾಕಿಗೆ ಬರೋಣ. 1975ರಲ್ಲಿ ಎ.ಎಂ.ಎಫ್. ವಾನ್ ಬೀಲ್ಸ್ ಎಂಬ ಎಂಜಿನಿಯರನ್ನು ಹಾರ್ಲಿಯ ಮೇಲ್ವಿಚಾರಣೆಗೆ ನೇಮಿಸಿತು. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಜೆಫ್ರಿ ಬ್ಲೂಸ್ಟೀನ್ ಎಂಜಿನಿಯರಿಂಗ್ ವಿಭಾಗಕ್ಕೆ ಬಂದರು. ಬೀಲ್ಸ್ ಮೊದಲು ಮಾಡಿದುದು ಯಾರೇ ಆದರೂ ಮಾಡುವಂಥ ಕೆಲಸ: ಸಾಲಿನ ಕೊನೆಯಲ್ಲಿ ಬಿಗಿಯಾದ ತಪಾಸಣೆಯನ್ನು ಜಾರಿಗೆ ತಂದರು. 1977ರ ಕೆಫೆ ರೇಸರ್ ಮಾದರಿಯ ಮೊದಲ 100 ಬಂಡಿಗಳನ್ನು ಈ ತಪಾಸಣೆಯಲ್ಲಿ ತೇರ್ಗಡೆಯಾಗುವಂತೆ ಮಾಡಲು ಸುಮಾರು 1,00,000 ಡಾಲರು ವೆಚ್ಚವಾಯಿತೆಂದು ಕಂಪನಿಯವರೇ ಅನಂತರ ತಿಳಿಸಿದ್ದಾರೆ. ಎಂದರೆ ಬಂಡಿಯೊಂದಕ್ಕೆ 1,000 ಡಾಲರು. ಈ ಅಂಕಿ ನಮ್ಮ ದೃಷ್ಟಿಯಲ್ಲಿ ಆ ಇಡೀ ದಶಕದ ಅತ್ಯಂತ ಮುಖ್ಯವಾದ ದಾಖಲೆ. ಹಿಂದೆ ಮಾರಾಟಗಾರನ ಅಂಗಡಿಯಲ್ಲಿಯೂ ಸವಾರನ ಜೇಬಿನಲ್ಲಿಯೂ ಹಂಚಿಹೋಗುತ್ತಿದ್ದ ವೆಚ್ಚ ಮೊದಲ ಬಾರಿಗೆ ಕಾರ್ಖಾನೆಯ ಲೆಕ್ಕದ ಪುಸ್ತಕದೊಳಗೆ ಬಂದಿತು. ತಪಾಸಣೆಯಿಂದ ಕೆಟ್ಟ ಬಂಡಿ ಹೊರಗೆ ಹೋಗುವುದು ತಪ್ಪಿತೇ ಹೊರತು ಕೆಟ್ಟ ಭಾಗ ತಯಾರಾಗುವುದು ತಪ್ಪಲಿಲ್ಲ.

ಮಾರುಕಟ್ಟೆಯಲ್ಲಿ ಈ ವೇಳೆಗೆ ಆಗಬೇಕಾದುದು ಆಗಿಹೋಗಿತ್ತು. 1973ರಲ್ಲಿ ಅತಿ ಭಾರದ ಬಂಡಿಗಳ ಅಮೆರಿಕದ ಮಾರಾಟದಲ್ಲಿ ನಾಲ್ಕರಲ್ಲಿ ಮೂರು ಪಾಲು ಹಾರ್ಲಿಯದಾಗಿದ್ದರೆ, 1983ರ ಹೊತ್ತಿಗೆ ಅದು ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಇಳಿಯಿತು. ಎ.ಎಂ.ಎಫ್. ಬೇಸತ್ತಿತು. 1981ರ ಜೂನಿನಲ್ಲಿ ಬೀಲ್ಸ್ ಮೊದಲಾದ 13 ಮಂದಿ ಅಧಿಕಾರಿಗಳು ಬಹುಪಾಲು ಸಾಲದ ಹಣದಿಂದಲೇ ಕಂಪನಿಯನ್ನು ಕೊಂಡರು. (ನಾನಾ ಕಂಪನಿಗಳನ್ನು ನುಂಗಿದ್ದ ಎ.ಎಂ.ಎಫ್. ತಾನೇ 1985ರಲ್ಲಿ ಮತ್ತೊಬ್ಬರ ವಶವಾಯಿತು.)

ಸ್ವತಂತ್ರರಾದ ಮೇಲೆ ಈ ಅಧಿಕಾರಿಗಳು ಓಹಯೋ ಸಂಸ್ಥಾನದ ಮೇರಿಸ್‌ವಿಲ್ಲಿನಲ್ಲಿ ಹೋಂಡಾ ಕಂಪನಿ 1979ರಿಂದ ನಡೆಸುತ್ತಿದ್ದ ಕಾರ್ಖಾನೆಯನ್ನು ನೋಡಲು ಹೋದರು. ಜಪಾನಿನಲ್ಲಿ ಯಂತ್ರಮಾನವರು ಕೆಲಸ ಮಾಡುತ್ತಾರೆ, ಅಲ್ಲಿಯ ಜನರ ಸ್ವಭಾವವೇ ಬೇರೆ ಎಂಬ ಸಮಾಧಾನಗಳು ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಕೆಲಸ ಮಾಡುತ್ತಿದ್ದವರು ಓಹಯೋದ ಅಮೆರಿಕನ್ನರು. ಯಂತ್ರಗಳಲ್ಲಿ ಅದ್ಭುತವಾದುದೇನೂ ಕಾಣಲಿಲ್ಲ. ಹೋಂಡಾದಲ್ಲಿ ಅಂತಿಮ ತಪಾಸಣೆಯಲ್ಲಿ ತಪ್ಪುತ್ತಿದ್ದ ಬಂಡಿಗಳು ನೂರಕ್ಕೆ ಸುಮಾರು 5. ಹಾರ್ಲಿಯಲ್ಲಿ 50ಕ್ಕೂ ಹೆಚ್ಚು. ಅಲ್ಲಿ ಬಿಡಿಭಾಗಗಳ ದಾಸ್ತಾನು ಇರಲಿಲ್ಲವೆನ್ನುವಷ್ಟು ಕಡಮೆಯಿತ್ತು.

ಇದನ್ನು ಅನುಸರಿಸಿ ಮಿಲ್ವಾಕಿ ಪ್ರದೇಶದ ಎಂಜಿನ್ ಕಾರ್ಖಾನೆಯಲ್ಲಿ ಆರಂಭಿಸಿದ ಪದ್ಧತಿಗೆ 'ಬೇಕಾದಷ್ಟು ಸಾಮಗ್ರಿ' ಎಂಬರ್ಥದ ಹೆಸರನ್ನಿಟ್ಟರು. ಯಂತ್ರವನ್ನು ಅಣಿಗೊಳಿಸುವ ಕಾಲವನ್ನು ಗಂಟೆಗಳಿಂದ ನಿಮಿಷಗಳಿಗೆ ಇಳಿಸಿ, ಭಾಗಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡತೊಡಗಿದರು. ಇಂದು ಕೊರೆದ ಭಾಗ ನಾಳೆಯೇ ಜೋಡಣೆಗೆ ಹೋಗುವುದರಿಂದ ದೋಷ ಹತ್ತಾರು ಭಾಗಗಳಲ್ಲಿಯೇ ಸಿಕ್ಕಿಬೀಳುವುದು. ಸಾವಿರಾರು ಕೆಡುವವರೆಗೆ ಕಾಯಬೇಕಾಗುವುದಿಲ್ಲ. ಕೆಲಸಗಾರನೇ ತಾನು ಕೊರೆದ ಭಾಗವನ್ನು ಅಳೆದು, ಅಳತೆಯನ್ನು ರೇಖಾಪಟದಲ್ಲಿ ಗುರುತಿಸುವನು. ಗುರುತುಗಳು ಒಂದೇ ಕಡೆಗೆ ವಾಲತೊಡಗಿದರೆ, ಭಾಗ ಕೆಡುವುದಕ್ಕೆ ಮೊದಲೇ ಯಂತ್ರವನ್ನು ನಿಲ್ಲಿಸುವನು. ಈ ರೇಖಾಪಟ ಜಪಾನಿನದಲ್ಲ. ಅಮೆರಿಕದ ಬೆಲ್ ಟೆಲಿಫೋನ್ ಸಂಸ್ಥೆಯಲ್ಲಿ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ವಿಧಾನವನ್ನು, ಅದೇ ದೇಶದ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಬೋಧಿಸಿದ್ದರು. ಮಿಲ್ವಾಕಿಗೆ ಅದು ಟೋಕಿಯೋ ಮಾರ್ಗವಾಗಿ ಮೂವತ್ತು ವರ್ಷಗಳ ಮೇಲೆ ತಲುಪಿತು. 1984ರ ಮಾದರಿಗಳಲ್ಲಿ ಬಂದ ಹೊಸ ಎಂಜಿನ್ನಿನಲ್ಲಿ ಸಿಲಿಂಡರುಗಳನ್ನೂ ಅಲ್ಯುಮಿನಿಯಮ್ಮಿನಿಂದ ಮಾಡಿ, ಒಳಗೆ ಕಬ್ಬಿಣದ ತೋಳನ್ನು ಇಟ್ಟರು. ಎಣ್ಣೆಯ ಸೋರಿಕೆ ಬಹುಮಟ್ಟಿಗೆ ನಿಂತಿತು.

ಈ ಚೇತರಿಕೆಗೆ ಸರ್ಕಾರದ ರಕ್ಷಣೆಯೇ ಕಾರಣವೆಂದು ಹೇಳುವವರಿದ್ದಾರೆ. 1983ರ ಏಪ್ರಿಲಿನಲ್ಲಿ ಅಧ್ಯಕ್ಷ ರೇಗನ್ 700 ಸಿ.ಸಿ.ಗಿಂತ ದೊಡ್ಡದಾದ ಆಮದು ಬಂಡಿಗಳ ಮೇಲಿನ ಸುಂಕವನ್ನು 4.4ರಿಂದ 49.4 ಪ್ರತಿಶತಕ್ಕೆ ಏರಿಸಿದರು. ಅದು ಐದು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಬೇಕಾಗಿತ್ತು. ಆದರೆ ಜಪಾನಿನ ತಯಾರಕರು ಕೆಲವು ಎಂಜಿನ್ನುಗಳನ್ನು ಮಿತಿಯ ಕೆಳಕ್ಕೆ, 699 ಸಿ.ಸಿ.ಗೆ, ಇಳಿಸಿದರು, ಹೋಂಡಾ ಮತ್ತು ಕವಾಸಾಕಿ ಕಂಪನಿಗಳ ದೊಡ್ಡ ಬಂಡಿಗಳಲ್ಲಿ ಹಲವು ಅಮೆರಿಕದಲ್ಲಿಯೇ ತಯಾರಾಗುತ್ತಿದ್ದುವು. ಸುಂಕದಿಂದ ದೊರೆತುದು ಮುಖ್ಯವಾಗಿ ಕಾಲಾವಕಾಶ, ಮತ್ತು ಸಾಲ ಕೊಟ್ಟ ಬ್ಯಾಂಕುಗಳ ತಾಳ್ಮೆ. 1987ರಲ್ಲಿ ಅವಧಿ ಮುಗಿಯುವುದಕ್ಕೆ ಮೊದಲೇ ಸುಂಕವನ್ನು ತೆಗೆದುಹಾಕಬಹುದೆಂದು ಕಂಪನಿಯೇ ಅರ್ಜಿ ಸಲ್ಲಿಸಿತು.

ಕೆಲಸಗಾರರ ಅಶ್ರದ್ಧೆಯೆಂಬ ವಾದಕ್ಕೆ ಈ ವರ್ಷಗಳಲ್ಲಿಯೇ ಉತ್ತರವಿದೆ. 1976ರಲ್ಲಿ ಸೋರುವ ಎಂಜಿನ್ನನ್ನು ಜೋಡಿಸಿದವರೂ 1986ರಲ್ಲಿ ಸೋರದ ಎಂಜಿನ್ನನ್ನು ಜೋಡಿಸಿದವರೂ ಬಹುಪಾಲು ಒಂದೇ ಊರಿನ, ಒಂದೇ ಸಂಘದ ಜನ. ನಡುವೆ ಬದಲಾದುದು ಅವರ ಕೈಗೆ ಬರುವ ಭಾಗ, ಮತ್ತು ಅದು ಸರಿಯಿಲ್ಲವೆಂದು ಹೇಳುವ ಅಧಿಕಾರ. ಹಾಗಿದ್ದರೂ ಹಳೆಯ ವ್ಯವಸ್ಥೆಯ ವೆಚ್ಚವನ್ನು ಕಟ್ಟಕಡೆಗೆ ತೆತ್ತವರು ಅವರೇ. ಹೊಸ ಪದ್ಧತಿ ಇನ್ನೂ ಬೇರೂರುತ್ತಿದ್ದ 1982ರಲ್ಲಿ, ಮಾರಾಟ ಕುಸಿದು ಸಾಲದ ಬಡ್ಡಿ ಏರಿದಾಗ, ಕಂಪನಿ ತನ್ನ ನೌಕರರಲ್ಲಿ ನೂರಕ್ಕೆ ಸುಮಾರು 40 ಮಂದಿಯನ್ನು ಕೆಲಸದಿಂದ ತೆಗೆಯಿತು. ರೇಖಾಪಟವನ್ನು ತುಂಬಲು ಕಲಿತವರು ಉಳಿದ 60 ಮಂದಿ.